ಮುತ್ತಜ್ಜಿಯ ತವರು ಯಾವುದು?

ಪ್ರಶ್ನೆ: ನಮ್ಮ ತಂದೆಯ ಅಜ್ಜಿಯ ತವರು ಯಾವುದು ಅಂತ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಮೂಡಿಗೆರೆ ಕಡೆಯವರು ಅನ್ನುತ್ತಾರೆ, ಅಷ್ಟೇ. ಹಳೇ ಜಮೀನು ಪತ್ರವೊಂದರಲ್ಲಿ ‘ಸಣ್ಣಮ್ಮ ಕೋಂ’ (ಕೋಂ ಅಂದರೆ ಇಂಥವರ ಹೆಂಡತಿ) ಅಂತ ಬರೆದು ಮುತ್ತಾತನ ಹೆಸರಿದೆ. ಮನೆತನಗಳ ವಂಶಾವಳಿ ಹೇಳುವ ಹೆಳವರನ್ನು ಕೇಳಿದರೆ ಗಂಡಸರ ಹೆಸರುಗಳನ್ನೆಲ್ಲ ಹೇಳಿದರು, ಮುತ್ತಜ್ಜಿಯ ವಿಷಯ ಸಿಗಲಿಲ್ಲ. ಎಲ್ಲಿಂದ ಶುರು ಮಾಡಲಿ?
– ಓದುಗರೊಬ್ಬರು, ಆಲೂರು

ಉತ್ತರ: ಸಣ್ಣಮ್ಮ ಅನ್ನುವ ಹೆಸರನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಕಿರಿಸೊಸೆ ಅಂತ ಮನೆಯಲ್ಲಿ ಕರೆಯುತ್ತಿದ್ದ ಹೆಸರೂ ಅದಾಗಿರಬಹುದು. ಮೊದಲು ಅವರ ಅಣ್ಣತಮ್ಮಂದಿರನ್ನು ಹುಡುಕಿ. ಮದುವೆಯಾದ ಮೇಲೆ ಕಾಗದದಲ್ಲಿ ಹೆಣ್ಣಿನ ಅಪ್ಪನ ಹೆಸರು ಬಿಟ್ಟುಹೋಗುತ್ತದೆ, ಆದರೆ ಅವಳ ಮಕ್ಕಳ ಮದುವೆಯಲ್ಲಿ ಸೋದರಮಾವ ಇಲ್ಲದೆ ಶಾಸ್ತ್ರ ನಡೆಯುವುದಿಲ್ಲ, ಅಲ್ವಾ? ನಿಮ್ಮ ತಾತನ, ಅವರ ಅಕ್ಕತಂಗಿಯರ ಮದುವೆಯ ಮುಯ್ಯಿ ಪುಸ್ತಕ (ಯಾರು ಏನು ಉಡುಗೊರೆ ಕೊಟ್ಟರು ಅಂತ ಬರೆದಿಟ್ಟದ್ದು) ಎಲ್ಲಾದರೂ ಉಳಿದಿದೆಯಾ ನೋಡಿ. ನಿಮ್ಮ ಅಟ್ಟದಲ್ಲಿ ಇಲ್ಲದಿದ್ದರೆ ಪಾಲಾಗಿ ಹೋದ ದಾಯಾದಿಗಳ ಮನೆಯಲ್ಲಿ ಇರಬಹುದು. ಮುಯ್ಯಿ ವಾಪಸ್ ಮಾಡಬೇಕಾದ್ದರಿಂದ ಅದರಲ್ಲಿ ಹೆಸರಿನ ಜೊತೆ ಊರನ್ನೂ ಬರೆಯುತ್ತಾರೆ. ಮೂಡಿಗೆರೆ ಕಡೆಯ ಒಂದೇ ಊರು ಎರಡು ಮೂರು ಮದುವೆಗಳಲ್ಲಿ ಬಂದಿದ್ದರೆ ಅದನ್ನು ಬಿಡಬೇಡಿ.

ಗಂಡಸರನ್ನಷ್ಟೇ ಕೇಳಿ ಸುಮ್ಮನಾಗಬೇಡಿ. ಬೇರೆ ಊರಿಗೆ ಮದುವೆಯಾಗಿ ಹೋದ ಸೋದರತ್ತೆಯರು ಇದ್ದರೆ ಈ ತಿಂಗಳೇ ಹೋಗಿ ಕೂತು ಮಾತಾಡಿ. ತವರು ಯಾವುದು ಅಂತ ನೇರವಾಗಿ ಕೇಳಿದರೆ ಗೊತ್ತಿಲ್ಲ ಅಂದುಬಿಡುತ್ತಾರೆ. ಅಜ್ಜಿಯನ್ನು ಓರಗಿತ್ತಿಯರು ಯಾವ ಊರಿನ ಹೆಸರು ಹಿಡಿದು ಕರೆಯುತ್ತಿದ್ದರು, ಗೌರಿ ಹಬ್ಬಕ್ಕೆ ಬಾಗಿನ ಎಲ್ಲಿಂದ ಬರುತ್ತಿತ್ತು, ಯಾವ ಊರಿನ ಜಾತ್ರೆಗೆ ತಪ್ಪದೆ ಹೋಗುತ್ತಿದ್ದರು ಅಂತ ಕೇಳಿ. (ಶ್ರಾದ್ಧದಲ್ಲಿ ತಾಯಿ, ಅಜ್ಜಿ, ಮುತ್ತಜ್ಜಿ ಮೂವರ ಹೆಸರೂ ಹೇಳುವ ಮನೆಗಳವರು ಪುರೋಹಿತರನ್ನೂ ವಿಚಾರಿಸಬಹುದು.)

ಇನ್ನು ಸರ್ಕಾರಿ ಕಾಗದ. ಜನನ ಮರಣ ನೋಂದಣಿ ಕಾಯ್ದೆ ಬಂದದ್ದೇ 1969ರಲ್ಲಿ, ಅಲ್ಲಿ ಜಾಸ್ತಿ ಆಸೆ ಬೇಡ. ನನಗೆ ನಂಬಿಕೆ ಇರುವುದು ಸಬ್ ರಿಜಿಸ್ಟ್ರಾರ್ ಕಚೇರಿಯ ಮೇಲೆ. ಮೈಸೂರು ಸಂಸ್ಥಾನದಲ್ಲಿ 1933ರಲ್ಲೇ ಹಿಂದೂ ಮಹಿಳೆಯರ ಹಕ್ಕಿನ ಕಾನೂನು ಬಂದು, ಮನೆ ಪಾಲಾಗುವಾಗ ತಾಯಿ, ವಿಧವೆ, ಮದುವೆಯಾಗದ ಹೆಣ್ಣುಮಕ್ಕಳಿಗೂ ಭಾಗ ಸಿಗುವಂತಾಯಿತು. ಹಾಗಾಗಿ ಅದರ ನಂತರದ ವಿಭಾಗಪತ್ರಗಳನ್ನು ಪೂರ್ತಿ ಓದಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದಾಗ ನಿಮ್ಮ ಮುತ್ತಜ್ಜಿ ಬದುಕಿದ್ದರೆ, ತವರಿನ ಜಮೀನಿಗೆ ಅಣ್ಣತಮ್ಮಂದಿರು ಅವರಿಂದ ಹಕ್ಕು ಬಿಡುಗಡೆ ಪತ್ರ ಬರೆಸಿಕೊಂಡಿರಬಹುದು. ಅಪ್ಪನ ಹೆಸರು, ಗಂಡನ ಹೆಸರು ಎರಡೂ ಒಂದೇ ಕಡೆ ಸಿಗುವುದು ಅಂಥ ಪತ್ರದಲ್ಲೇ. ಜೀವನವಿಡೀ ಒಂದು ಮನೆಗಾಗಿ ದುಡಿದ ಹೆಣ್ಣುಮಗಳು ಯಾರ ಮಗಳು ಅಂತ ತಿಳಿಯಲು ಅವಳು ಆಸ್ತಿ ಬಿಟ್ಟುಕೊಟ್ಟ ಕಾಗದ ಹುಡುಕಬೇಕಲ್ಲ ಅನ್ನುವುದು ನನಗೆ ತುಂಬಾ ಸಂಕಟದ ವಿಷಯ. ಆದರೂ ಹುಡುಕಿ.

ಒಂದು ಮಾತು ನೆನಪಿಡಿ, ಈ ಪತ್ರ ಆಲೂರಿನಲ್ಲಿ ಸಿಗುವುದಿಲ್ಲ. ಜಮೀನು ಇರುವ ಕಡೆಯ ಕಚೇರಿಯಲ್ಲಿ ಅದು ನೋಂದಣಿಯಾಗಿರುತ್ತದೆ, ಅಂದರೆ ಮೂಡಿಗೆರೆ ಕಡೆಗೇ ಹೋಗಬೇಕು. ಸರ್ವೆ ನಂಬರ್ ಗೊತ್ತಿಲ್ಲದಿದ್ದರೆ ಶುಲ್ಕ ಕಟ್ಟಿ ಹೆಸರಿನ ಸೂಚಿ ನೋಡಬಹುದು. 1947ಕ್ಕಿಂತ ಹಿಂದಿನ ಕಾಗದವಾದರೆ ಚಿಕ್ಕಮಗಳೂರು ಜಿಲ್ಲೆಯ ಬದಲು ಕಡೂರು ಜಿಲ್ಲೆ ಅಂತ ಇರುತ್ತದೆ.

ಹೆಳವರನ್ನೂ ಕೈಬಿಡಬೇಡಿ. ನಿಮ್ಮ ಮನೆತನದ ಹೆಳವರ ಬಳಿ ಮುತ್ತಜ್ಜಿ ಇಲ್ಲದಿದ್ದರೂ ಅವರ ಅಪ್ಪ, ಅಣ್ಣತಮ್ಮಂದಿರು ಇನ್ನೊಬ್ಬ ಹೆಳವರ ಪುಸ್ತಕದಲ್ಲಿ ಇರಬಹುದು. ಊರು ಯಾವುದು ಅಂತ ಗೊತ್ತಾದ ಕೂಡಲೇ, ಅಲ್ಲಿಗೆ ಬರುವ ಹೆಳವರು ಯಾರು, ವರ್ಷದ ಯಾವ ಕಾಲದಲ್ಲಿ ಬರುತ್ತಾರೆ ಅಂತ ಆ ಊರಿನವರನ್ನೇ ವಿಚಾರಿಸಿ.