ವೈಫೈ ಡ್ರೈವರ್ ಇದ್ದರೂ ಲಿನಕ್ಸ್ ‘ಫರ್ಮ್‌ವೇರ್ ಸಿಗಲಿಲ್ಲ’ ಅನ್ನುತ್ತದೆ, ಯಾಕೆ?

ಎರಡೂ ಸಾಫ್ಟ್‌ವೇರೇ, ಆದರೆ ಡ್ರೈವರ್ ಬೇರೆ, ಫರ್ಮ್‌ವೇರ್ ಬೇರೆ. ಡ್ರೈವರ್ ಓಡುವುದು ನಿಮ್ಮ ಕಂಪ್ಯೂಟರಿನ ಸಿಪಿಯು ಮೇಲೆ. ಫರ್ಮ್‌ವೇರ್ ಓಡುವುದು ವೈಫೈ ಕಾರ್ಡಿನೊಳಗಿನ ಪುಟ್ಟ ಪ್ರೊಸೆಸರ್ ಮೇಲೆ. ಖರ್ಚು ಉಳಿಸಲು ಎಷ್ಟೋ ಕಾರ್ಡುಗಳಲ್ಲಿ ಇದನ್ನು ಕಾಯಂ ಆಗಿ ಇಡುವ ಫ್ಲ್ಯಾಶ್ ಮೆಮೊರಿ ಇರುವುದಿಲ್ಲ, ಬರೀ ರ‍್ಯಾಮ್ ಇರುತ್ತದೆ. ಕರೆಂಟ್ ಹೋದರೆ ಎಲ್ಲ ಖಾಲಿ. ಹಾಗಾಗಿ ಪ್ರತಿ ಸಲ ಹೊಸದಾಗಿ ತುಂಬಬೇಕು.

ಇಂಟೆಲ್ ವೈಫೈ ಕಾರ್ಡನ್ನೇ ನೋಡಿ. ಕಾರ್ಡ್ ಕಂಡ ಕೂಡಲೇ ಡ್ರೈವರ್ ಕರ್ನಲ್‌ಗೆ (ಲಿನಕ್ಸಿನ ತಿರುಳು ಭಾಗ) ಒಂದು ಫೈಲಿನ ಹೆಸರು ಹೇಳಿ ಕೇಳುತ್ತದೆ. ಕರ್ನಲ್ ಅದನ್ನು ‘ಲಿಬ್’ ಒಳಗಿನ ‘ಫರ್ಮ್‌ವೇರ್’ ಫೋಲ್ಡರಿನಲ್ಲಿ ಹುಡುಕಿ ಮೆಮೊರಿಗೆ ತರುತ್ತದೆ. ಡ್ರೈವರ್ ಅದನ್ನು ತುಂಡು ತುಂಡಾಗಿ ಕಾರ್ಡಿಗೆ ಸಾಗಿಸಿ, ಒಳಗಿನ ಪ್ರೊಸೆಸರನ್ನು ಶುರು ಮಾಡುತ್ತದೆ. ಆಗ ಕಾರ್ಡ್ ‘ನಾನು ಬದುಕಿದ್ದೇನೆ’ ಅಂತ ಸಂದೇಶ ಕಳಿಸುತ್ತದೆ. ನಿಜವಾಗಿಯೂ, ಆ ಸಂದೇಶದ ಹೆಸರೇ ‘ಅಲೈವ್’!

ನಿಮ್ಮ ಎರರ್ ಸಾಲಿನಲ್ಲಿ -2 ಅಂತ ಇದ್ದರೆ ಆ ಫೈಲೇ ಇಲ್ಲ ಅಂತ ಅರ್ಥ. ನಿಮ್ಮದು ಡೆಬಿಯನ್ (ಲಿನಕ್ಸಿನ ಒಂದು ಬಗೆ) ಆದರೆ, ಸೋರ್ಸ್ ಕೋಡ್ ಬಿಟ್ಟುಕೊಡದ ಇಂಥ ಮುಚ್ಚಿದ ಫರ್ಮ್‌ವೇರನ್ನು ಇನ್‌ಸ್ಟಾಲರ್ ಜೊತೆಗೇ ಕೊಡಲು ಶುರು ಮಾಡಿದ್ದು 2023ರ 12ನೇ ಆವೃತ್ತಿಯಿಂದ. ಹಳೆಯದಾದರೆ ಫರ್ಮ್‌ವೇರ್ ಪ್ಯಾಕೇಜನ್ನು ನೀವೇ ಹಾಕಿಕೊಳ್ಳಬೇಕು. ವೈಫೈ ಇಲ್ಲದೆ ವೈಫೈಗೆ ಬೇಕಾದ್ದನ್ನು ಡೌನ್‌ಲೋಡ್ ಮಾಡುವುದು ಹೇಗೆ ಅಲ್ವಾ? ಫೋನನ್ನು ಯುಎಸ್‌ಬಿ ಕೇಬಲ್‌ನಲ್ಲಿ ಜೋಡಿಸಿ ಟೆದರಿಂಗ್ (ಫೋನಿನ ಇಂಟರ್ನೆಟ್ಟನ್ನು ಕಂಪ್ಯೂಟರಿಗೆ ಕೊಡುವುದು) ಆನ್ ಮಾಡಿ, ಸಾಕು.