ಒಮ್ಮೆ ಕೆಟ್ಟ ಗದ್ದದ ಆಪರೇಷನ್ ಮತ್ತೆ ಮಾಡಿಸಲಾ?

ಪ್ರಶ್ನೆ: ಡಾಕ್ಟ್ರೇ, ನನಗೆ 27 ವರ್ಷ. ಊರು ದಾವಣಗೆರೆ, ಕೆಲಸ ಬೆಂಗಳೂರಿನಲ್ಲಿ. ಚಿಕ್ಕಂದಿನಿಂದಲೂ ನನ್ನ ಗದ್ದ ಒಳಗೆ ಹೋದ ಹಾಗಿದೆ. ಶಾಲೆಯಲ್ಲಿ ಅದಕ್ಕೇ ಅಡ್ಡಹೆಸರಿಟ್ಟಿದ್ದರು. 16ನೇ ವಯಸ್ಸಿನಲ್ಲಿ ಮೇಲಿನ ಎರಡು ಹಲ್ಲು ಕೀಳಿಸಿ ಕ್ಲಿಪ್ ಹಾಕಿಸಿದರು. ಉಬ್ಬುಹಲ್ಲು ಸರಿಹೋಯಿತು, ಗದ್ದ ಹಾಗೇ ಉಳಿಯಿತು. ಎಂಟು ತಿಂಗಳ ಹಿಂದೆ ನಾನೇ ಕೂಡಿಟ್ಟ ದುಡ್ಡಿನಲ್ಲಿ ಒಂದು ಕ್ಲಿನಿಕ್‌ನಲ್ಲಿ ಗದ್ದಕ್ಕೆ ಸಿಲಿಕೋನ್ ಇಂಪ್ಲಾಂಟ್ ಹಾಕಿಸಿದೆ. ಈಗ ಗದ್ದ ಎಡಕ್ಕೆ ವಾಲಿದೆ. ನಕ್ಕರೆ ಎಡಗಡೆ ಗಂಟು ಎದ್ದು ಕಾಣುತ್ತದೆ. ಕೆಳತುಟಿಯ ಎಡಭಾಗ ಇನ್ನೂ ಜೋಮು ಹಿಡಿದ ಹಾಗಿದೆ, ಕಾಫಿ ಸೋರಿದರೂ ಗೊತ್ತಾಗುವುದಿಲ್ಲ. ಆಪರೇಷನ್ ಮಾಡಿದವರು "ಇನ್ನೂ ಊತ ಇದೆ, ಕಾಯಿರಿ" ಅನ್ನುತ್ತಾರೆ. ಇನ್ನೊಂದು ಕಡೆ "ಹಳೇದು ತೆಗೆದು ದೊಡ್ಡ ಸೈಜ್ ಹಾಕೋಣ, ಈ ತಿಂಗಳೊಳಗೆ ಅಡ್ವಾನ್ಸ್ ಕಟ್ಟಿದರೆ ಕಡಿಮೆ ಮಾಡಿಕೊಡ್ತೀವಿ" ಅಂದರು. ಅಮ್ಮ "ಮೊದಲೇ ಚೆನ್ನಾಗಿದ್ದೆ, ಇನ್ನು ಮುಖ ಮುಟ್ಟಿಸಬೇಡ" ಅಂತ ಅಳುತ್ತಾರೆ. ಮತ್ತೆ ಮಾಡಿಸಲಾ? ಅಥವಾ ಇದನ್ನು ತೆಗೆಸಿ ಸುಮ್ಮನಾಗಿಬಿಡಲಾ? ದಿನಕ್ಕೆ ಎಷ್ಟು ಸಲ ಫೋಟೊ ತೆಗೆದು ನೋಡಿಕೊಳ್ಳುತ್ತೇನೋ ಲೆಕ್ಕವಿಲ್ಲ. ಎರಡು ಫೋಟೊ ಕಳಿಸಿದ್ದೇನೆ.
– ಹೆಸರು ಬೇಡ

ಉತ್ತರ: ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೊದಲ ಸಲ ಓದಿದಾಗಲೇ ಕಣ್ಣು ನಿಂತಿದ್ದು ಸಿಲಿಕೋನ್ ಮೇಲಲ್ಲ, "ಮೇಲಿನ ಎರಡು ಹಲ್ಲು ಕೀಳಿಸಿ" ಅನ್ನುವ ಮಾತಿನ ಮೇಲೆ. ಅಲ್ಲಿಂದಲೇ ಶುರು ಮಾಡುತ್ತೇನೆ.

ಉಬ್ಬುಹಲ್ಲು ಅಂತ ಬರುವ ಎಷ್ಟೋ ಮಕ್ಕಳಲ್ಲಿ ಮೇಲಿನ ಹಲ್ಲು ಮುಂದೆ ಬಂದಿರುವುದಕ್ಕಿಂತ ಕೆಳದವಡೆ ಹಿಂದೆ ಉಳಿದಿರುವುದೇ ಜಾಸ್ತಿ. ಆಗ ಮೇಲಿನ ಎರಡು ಹಲ್ಲು ಮಾತ್ರ ತೆಗೆದು, ಮುಂದಿನ ಹಲ್ಲುಗಳನ್ನು ಹಿಂದಕ್ಕೆ ಎಳೆದು ಹೊಂದಿಸುತ್ತಾರೆ. ಅದು ತಪ್ಪು ಚಿಕಿತ್ಸೆಯಲ್ಲ. ನಗು ಚೆನ್ನಾಗಿ ಕಾಣುತ್ತದೆ. ಆದರೆ ದವಡೆ ಹಿಂದೆ ಇದ್ದದ್ದು ಹಿಂದೆಯೇ ಇರುತ್ತದೆ. ಪಕ್ಕದಿಂದ ತೆಗೆದ ನಿಮ್ಮ ಫೋಟೊದಲ್ಲಿ ಗದ್ದದ ಚರ್ಮ ನೋಡಿ. ಬಾಯಿ ಮುಚ್ಚಿದ್ದೀರಿ, ಆದರೆ ಗದ್ದದ ಮೇಲೆ ಕಿತ್ತಳೆ ಸಿಪ್ಪೆಯ ಹಾಗೆ ಸಣ್ಣ ಸಣ್ಣ ಗುಳಿ ಬಿದ್ದಿವೆ. ತುಟಿಗಳು ತಾವಾಗಿ ಸೇರುತ್ತಿಲ್ಲ, ಗದ್ದದ ಸ್ನಾಯು ಕಷ್ಟಪಟ್ಟು ಕೆಳತುಟಿಯನ್ನು ಮೇಲಕ್ಕೆ ನೂಕುತ್ತಿದೆ. ಹಾಗೆ ನೂಕುವ ಸ್ನಾಯುವಿನ ಕೆಳಗೆ ಇಂಪ್ಲಾಂಟ್ ಇಟ್ಟರೆ ಅದು ಇಟ್ಟ ಕಡೆ ಸುಮ್ನೆ ಕೂರುವುದಿಲ್ಲ. ಸ್ಕ್ರೂ ಹಾಕಿ ಬಿಗಿಯದಿದ್ದರೆ ಮೇಲಕ್ಕೆ ಜಾರುವುದೂ ಉಂಟು, ಪಕ್ಕಕ್ಕೆ ಸರಿಯುವುದೂ ಉಂಟು.

ಹಾಗಾಗಿ ಮೊದಲ ಆಪರೇಷನ್‌ನಲ್ಲಿ ಕೈ ತಪ್ಪಿತಾ ಅನ್ನುವುದಕ್ಕಿಂತ ಮುಂಚೆ ಕೇಳಬೇಕಾದದ್ದು ಬೇರೆ ಇದೆ. ನಿಮ್ಮಲ್ಲಿ ಚಿಕ್ಕದಾಗಿರುವುದು ಗದ್ದದ ತುದಿ ಮಾತ್ರವಾ, ಇಡೀ ಕೆಳದವಡೆಯಾ? ಅದನ್ನು ಮೊದಲ ಸಲ ಯಾರೂ ಅಳೆದು ನೋಡಿದ ಹಾಗೆ ನಿಮ್ಮ ಪತ್ರದಲ್ಲಿ ಕಾಣುವುದಿಲ್ಲ. ಈಗಲೂ ಅಳೆಯದೆ ದೊಡ್ಡ ಸೈಜ್ ಹಾಕಿದರೆ ಹಳೇ ಕಷ್ಟವೇ ಇನ್ನಷ್ಟು ದೊಡ್ಡದಾಗಿ ಬರುತ್ತದೆ. ಈ ತಿಂಗಳು ಅಡ್ವಾನ್ಸ್ ಕಟ್ಟಬೇಡಿ. ರಿಯಾಯಿತಿ ತೋರಿಸಿ ಅವಸರ ಮಾಡುವ ಜಾಗದಲ್ಲಿ ಎರಡನೇ ಆಪರೇಷನ್ ಮಾಡಿಸಿಕೊಳ್ಳಬಾರದು. ಇಷ್ಟನ್ನು ಖಡಾಖಂಡಿತವಾಗಿ ಹೇಳುತ್ತೇನೆ.

"ಕಾಯಿರಿ" ಅಂದವರ ಮಾತು ಅರ್ಧ ಸರಿ. ಗದ್ದದ ಊತ ಮೊದಲ ಕೆಲವು ತಿಂಗಳಲ್ಲೇ ಬಹುಪಾಲು ಇಳಿಯುತ್ತದೆ, ಸ್ವಲ್ಪ ಗಡಸುತನ ವರ್ಷದವರೆಗೂ ಉಳಿಯಬಹುದು. ಅದಕ್ಕೇ ಆರು ತಿಂಗಳಿಂದ ಒಂದು ವರ್ಷ ಆಗುವವರೆಗೆ ಸಾಮಾನ್ಯವಾಗಿ ಮತ್ತೆ ಕೈ ಹಾಕುವುದಿಲ್ಲ. ಆದರೆ ಎಂಟು ತಿಂಗಳಾದ ಮೇಲೆ ಒಂದೇ ಕಡೆಗೆ ವಾಲಿರುವುದನ್ನು, ನಕ್ಕಾಗ ಏಳುವ ಗಂಟನ್ನು ಊತ ಅಂತ ನಾನು ಒಪ್ಪಲಾರೆ.

ತುಟಿಯ ಜೋಮು ಇನ್ನೂ ಮುಖ್ಯ. ಕೆಳದವಡೆಯ ಮೂಳೆಯಲ್ಲಿ ಎರಡೂ ಕಡೆ, ಕೋರೆಹಲ್ಲಿನ ಹಿಂದಿನ ಸಣ್ಣ ದವಡೆಹಲ್ಲುಗಳ ಬೇರಿನ ಕೆಳಗೆ, ಒಂದೊಂದು ರಂಧ್ರ ಇದೆ. ಅದರಿಂದ ನರ ಹೊರಬಂದು ಕೆಳತುಟಿಗೂ ಗದ್ದಕ್ಕೂ ಹೋಗುತ್ತದೆ. ಆಪರೇಷನ್‌ನಲ್ಲಿ ಅದನ್ನು ಬರೀ ಎಳೆದಿದ್ದರೆ ಜೋಮು ನಿಧಾನವಾಗಿ ಬಿಡುತ್ತದೆ, ವರ್ಷ ಹಿಡಿಯಬಹುದು. ಇಂಪ್ಲಾಂಟ್‌ನ ರೆಕ್ಕೆ, ಅಂದರೆ ಪಕ್ಕಕ್ಕೆ ಚಾಚಿರುವ ತುದಿ, ಹೋಗಿ ನರದ ಮೇಲೇ ಕೂತಿದ್ದರೆ ಕಾದು ಪ್ರಯೋಜನವಿಲ್ಲ. ವಾಲಿರುವುದೂ ಎಡಕ್ಕೆ, ಜೋಮೂ ಎಡಕ್ಕೇ ಇರುವುದರಿಂದ ನನಗೆ ಈ ಅನುಮಾನ ಇದೆ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿಕೊಳ್ಳಿ. ಕಣ್ಣು ಮುಚ್ಚಿ ಕೂತು, ಹತ್ತಿಯ ಒಂದು ಎಳೆಯಿಂದ ಅಮ್ಮ ನಿಮ್ಮ ಕೆಳತುಟಿ, ಗದ್ದ ಮುಟ್ಟಲಿ. ಎಲ್ಲಿ ಗೊತ್ತಾಗುತ್ತದೆ, ಎಲ್ಲಿ ಗೊತ್ತಾಗುವುದಿಲ್ಲ ಅಂತ ಚರ್ಮದ ಮೇಲೆ ಪೆನ್ನಿನಲ್ಲಿ ಗೆರೆ ಎಳೆದು ಫೋಟೊ ತೆಗೆದಿಡಿ. ಮೂರು ವಾರ ಬಿಟ್ಟು ಮತ್ತೆ ಮಾಡಿ. ಗೆರೆಯೊಳಗಿನ ಜಾಗ ಕಿರಿದಾಗುತ್ತಿದ್ದರೆ, ಇರುವೆ ಹರಿದ ಹಾಗೆ ಜುಮುಜುಮು ಅನ್ನುತ್ತಿದ್ದರೆ ನರ ಎಚ್ಚರಾಗುತ್ತಿದೆ ಅಂತ. ಒಂಚೂರೂ ಕದಲದಿದ್ದರೆ ಸ್ಕ್ಯಾನ್ ಬೇಗ ಆಗಲಿ. ಗದ್ದ ಕೆಂಪಾಗಿ ಬಿಸಿಯಾದರೆ, ಬಾಯಲ್ಲಿ ಕೀವಿನ ರುಚಿ ಬಂದರೆ, ಕೆಳಗಿನ ಮುಂದಿನ ಹಲ್ಲು ನೋಯತೊಡಗಿದರೆ ಅಥವಾ ಅಲ್ಲಾಡಿದರೆ, ಶಾಕ್ ಹೊಡೆದ ಹಾಗೆ ನೋವು ಬಂದರೆ ಮೂರು ವಾರ ಅಲ್ಲ, ಮೂರು ದಿನವೂ ಕಾಯಬೇಡಿ.

ಹಲ್ಲಿನ ಮಾತು ಯಾಕೆ ಬಂತು ಅಂದರೆ, ಇಂಪ್ಲಾಂಟ್ ಕೂರಬೇಕಾದದ್ದು ದವಡೆಯ ಕೆಳಅಂಚಿನ ಗಟ್ಟಿ ಮೂಳೆಯ ಮೇಲೆ. ಮೇಲಕ್ಕೆ ಜಾರಿದರೆ ಹಲ್ಲಿನ ಬೇರಿರುವ ತೆಳು ಮೂಳೆಯ ಮೇಲೆ ಒತ್ತುತ್ತದೆ. ಒತ್ತಿದ ಕಡೆ ಮೂಳೆ ಸವೆಯುತ್ತದೆ. ಎಷ್ಟು ಸವೆದಿದೆ, ಇಂಪ್ಲಾಂಟ್ ಎಲ್ಲಿ ಕೂತಿದೆ ಅನ್ನುವುದು ತ್ರೀ-ಡಿ ಸಿಟಿ ಸ್ಕ್ಯಾನ್‌ನಲ್ಲಿ ಗೊತ್ತಾಗುತ್ತದೆ. ಅದರ ಜೊತೆ ಮುಖದ ಪಕ್ಕದ ಎಕ್ಸ್‌ರೇ ಕೂಡ ಬೇಕು, ಹಲ್ಲಿನವರು ಅದನ್ನು ಸೆಫ್ ಅನ್ನುತ್ತಾರೆ. ದವಡೆ ಎಷ್ಟು ಹಿಂದಿದೆ ಅಂತ ಅಳೆಯುವುದು ಅದರಲ್ಲೇ.

ತೆಗೆಸಿ ಸುಮ್ಮನಾಗಲಾ ಅಂತ ಕೇಳಿದ್ದೀರಿ. ಸಿಲಿಕೋನ್ ಆಗಿರುವುದರಿಂದ ತೆಗೆಯುವುದು ದೊಡ್ಡ ಕೆಲಸವಲ್ಲ. ಅದರ ಸುತ್ತ ಒಂದು ತೆಳು ಪೊರೆ ಕಟ್ಟಿರುತ್ತದೆ, ಜಾರಿ ಬರುತ್ತದೆ. ಮಾಂಸ ಒಳಗೆ ಬೆಳೆದುಕೊಳ್ಳುವಂಥ ತೂತುತೂತಿನ ಇಂಪ್ಲಾಂಟ್ ಆಗಿದ್ದರೆ ಬಿಡಿಸುವುದೇ ಒಂದು ಸಾಹಸ. ಆದರೆ ಬರೀ ತೆಗೆದರೆ ಮೊದಲಿನ ಗದ್ದ ವಾಪಸ್ ಬರುತ್ತದೆ ಅಂದುಕೊಳ್ಳಬೇಡಿ. ಹತ್ತಿ ತೆಗೆದ ದಿಂಬಿನ ಕವರ್ ಹಾಗೆ ಚರ್ಮ, ಸ್ನಾಯು ಎರಡೂ ಸಡಿಲಾಗಿ ಕೆಳಗೆ ಜೋಲಬಹುದು. ಅದಕ್ಕೇ ತೆಗೆಯುವಾಗಲೇ ಸ್ನಾಯುವನ್ನು ಮೇಲಕ್ಕೆತ್ತಿ ಹೊಲಿಯಬೇಕು. ಸಾಧ್ಯವಿದ್ದರೆ ಅದೇ ಸಲ ಗದ್ದದ ಮೂಳೆಯನ್ನೇ ಮುಂದಕ್ಕೆ ತರಬೇಕು.

ಮೂಳೆ ತರುವುದು ಅಂದರೆ ಹೆದರಬೇಡಿ. ಹೊರಗೆ ಕಲೆ ಬೀಳುವುದಿಲ್ಲ, ಕೆಳತುಟಿಯ ಒಳಗಿನಿಂದಲೇ ಹೋಗುತ್ತೇವೆ. 1957ರಲ್ಲಿ ಓಬ್ವೆಗೇಸರ್ ಅನ್ನುವ ಸರ್ಜನ್ ಈ ದಾರಿಯನ್ನು ಬರೆದು ತೋರಿಸಿದರು, ನಾವೆಲ್ಲ ಇಂದಿಗೂ ಅದರಲ್ಲೇ ನಡೆಯುತ್ತೇವೆ. ಹಲ್ಲಿನ ಬೇರಿನ ಕೆಳಗೆ, ನರದ ರಂಧ್ರಕ್ಕಿಂತ ಕೆಳಗೆ ಮೂಳೆಯನ್ನು ಅಡ್ಡ ಕತ್ತರಿಸಿ, ತುದಿಯನ್ನು ಮುಂದೆ ಜಾರಿಸಿ, ಟೈಟಾನಿಯಂ ಪ್ಲೇಟ್, ಸ್ಕ್ರೂ ಹಾಕುತ್ತೇವೆ. ಸೊಟ್ಟ ಇದ್ದರೆ ಪಕ್ಕಕ್ಕೂ ಸರಿಸಬಹುದು. ಅದು ನಿಮ್ಮದೇ ಮೂಳೆ, ಬೆಸೆದುಕೊಂಡ ಮೇಲೆ ಜಾರುವ ಮಾತಿಲ್ಲ. ಆದರೆ ಇದರಲ್ಲೂ ಜೋಮಿನ ಭಯ ಇದ್ದೇ ಇದೆ, ಒಮ್ಮೆ ನೊಂದ ನರ ಎರಡನೇ ಸಲ ತಡೆಯುವುದು ಕಡಿಮೆ. ಇನ್ನು ಇಡೀ ದವಡೆಯೇ ಚಿಕ್ಕದು ಅಂತ ಗೊತ್ತಾದರೆ ದಾರಿ ಬೇರೆ. ಮತ್ತೆ ಕ್ಲಿಪ್ ಹಾಕಿಸಿ, ಆಮೇಲೆ ಇಡೀ ದವಡೆ ಮುಂದೆ ತರಬೇಕು, ಎಲ್ಲ ಸೇರಿ ಒಂದೂವರೆ ವರ್ಷವಾದರೂ ಹಿಡಿಯುತ್ತದೆ. ರೂಮಿನಲ್ಲಿ ಜೊತೆಗಿರುವವರನ್ನು ಕೇಳಿ, ನೀವು ಜೋರಾಗಿ ಗೊರಕೆ ಹೊಡೆಯುತ್ತೀರಾ, ನಿದ್ದೆಯಲ್ಲಿ ಉಸಿರು ಕಟ್ಟಿದ ಹಾಗೆ ಆಗುತ್ತದಾ ಅಂತ. ಹೌದು ಅಂದರೆ ಅದನ್ನೂ ಡಾಕ್ಟರಿಗೆ ಹೇಳಬೇಕು, ಹಿಂದೆ ಸರಿದ ದವಡೆಗೂ ಅದಕ್ಕೂ ನಂಟಿದೆ. ಸೊಟ್ಟ ಮುಚ್ಚಲು ಫಿಲ್ಲರ್, ಅಂದರೆ ಚರ್ಮದ ಕೆಳಗೆ ತುಂಬುವ ಜೆಲ್, ಚುಚ್ಚೋಣ ಅಂತ ಯಾರಾದರೂ ಅಂದರೆ ಸದ್ಯಕ್ಕೆ ಬೇಡ. ಜೋಮಿನ ಕಾರಣ ಗೊತ್ತಾಗದೆ ಅಲ್ಲಿ ಸೂಜಿ ಹಾಕಿಸಬೇಡಿ.

ನನ್ನದೇ ಒಂದು ತಪ್ಪು ಹೇಳುತ್ತೇನೆ. ಬಹಳ ವರ್ಷದ ಹಿಂದೆ ಒಬ್ಬ ಹುಡುಗಿಗೆ ಗದ್ದದ ಮೂಳೆ ಮುಂದೆ ತಂದೆ. ಪಕ್ಕದಿಂದ ಚೆಂದ ಬಂತು. ವರ್ಷ ಕಳೆದು ಬಂದವಳು ನನ್ನ ಬೆರಳನ್ನು ಹಿಡಿದು ತನ್ನ ದವಡೆಯ ಅಂಚಿನ ಮೇಲೆ ಎಳೆದಳು. ಎರಡೂ ಕಡೆ ಕತ್ತರಿಸಿದ ಕೊನೆಯಲ್ಲಿ ಹಳ್ಳ ಬಿದ್ದಿತ್ತು. ನಾನು ಪಕ್ಕದ ಎಕ್ಸ್‌ರೇ ಮಾತ್ರ ನೋಡಿ ಲೆಕ್ಕ ಹಾಕಿದ್ದೆ. ಅವಳು ಕನ್ನಡಿಯಲ್ಲಿ ನೋಡುತ್ತಿದ್ದದ್ದು ಎದುರಿನ ಮುಖ. ಕ್ಷಮೆ ಕೇಳಿದೆ, ಆ ಹಳ್ಳ ತುಂಬಿಕೊಟ್ಟೆ. ಅಂದಿನಿಂದ ಮತ್ತೆ ಮಾಡಿಸಲು ಬಂದವರಿಗೆ ಮೊದಲು ಹೇಳುವುದು, ನಿಮಗೆ ಚುಚ್ಚುತ್ತಿರುವ ಜಾಗವನ್ನು ನಿಮ್ಮ ಬೆರಳಿನಿಂದ ಮುಟ್ಟಿ ತೋರಿಸಿ ಅಂತ. ನೀವು ಹೋಗುವ ಡಾಕ್ಟರಿಗೂ ಹಾಗೇ ತೋರಿಸಿ.

ಯಾರ ಹತ್ತಿರ ಹೋಗಬೇಕು? ಬಾಯಿ-ದವಡೆ ಸರ್ಜರಿಯಲ್ಲಿ ಎಂಡಿಎಸ್ ಅಥವಾ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಮಾಡಿದವರು ಆಗಿರಲಿ. ಮೂಳೆಯ ಆಪರೇಷನ್, ಇಂಪ್ಲಾಂಟ್ ಎರಡೂ ಮಾಡುವವರಾದರೆ ಒಳ್ಳೆಯದು. ಒಂದೇ ಬರುವವರು ಅದನ್ನೇ ಹೇಳುತ್ತಾರೆ, ಅಲ್ವಾ? ಇಬ್ಬರನ್ನಾದರೂ ಕೇಳಿ.

ಹೋಗುವ ಮೊದಲು ಹಳೇ ಕ್ಲಿನಿಕ್‌ಗೆ ಒಂದು ಅರ್ಜಿ ಬರೆದು ಕೇಸ್ ಶೀಟ್ ತೆಗೆದುಕೊಳ್ಳಿ. ವೈದ್ಯರ ನಡವಳಿಕೆಯ 2002ರ ನಿಯಮದ ಪ್ರಕಾರ ರೋಗಿ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಆಪರೇಷನ್ ನೋಟ್ಸ್ ಜೊತೆ ಇಂಪ್ಲಾಂಟ್ ಡಬ್ಬಿಯ ಸ್ಟಿಕ್ಕರ್ ಇದೆಯಾ ನೋಡಿ. ಕಂಪನಿ, ಸೈಜ್, ಲಾಟ್ ನಂಬರ್ ಅದರಲ್ಲಿರುತ್ತದೆ. ದೂರು ಕೊಡುವ ಮನಸ್ಸಿದ್ದರೆ ಗ್ರಾಹಕರ ಆಯೋಗಕ್ಕೆ ಎರಡು ವರ್ಷದ ಗಡುವು ಇದೆ. ಆ ಜಗಳಕ್ಕಿಂತ ಈಗ ನಿಮ್ಮ ತುಟಿ ಮುಖ್ಯ.

ಫೋಟೊದ ವಿಷಯ. ಕೈಯಳತೆಯಲ್ಲಿ ಹಿಡಿದ ಮೊಬೈಲ್ ಮೂಗನ್ನು ದೊಡ್ಡದು ಮಾಡಿ ಗದ್ದವನ್ನು ಚಿಕ್ಕದು ಮಾಡುತ್ತದೆ. ವಾರಕ್ಕೊಂದು ಸಲ ಬೇರೆಯವರು ಐದಾರು ಅಡಿ ದೂರದಿಂದ ತೆಗೆದರೆ ಸಾಕು. ನಿಮ್ಮ ಗದ್ದ ವಾಲಿರುವುದು ನಿಜ, ಅದು ನಿಮ್ಮ ಭ್ರಮೆಯಲ್ಲ. ಆದರೂ ಕನ್ನಡಿಯಿಂದ ಕೆಲಸ, ನಿದ್ದೆ ಕೆಡುತ್ತಿದ್ದರೆ 14416ಕ್ಕೆ ಫೋನ್ ಮಾಡಿ, ಸರ್ಕಾರದ ಟೆಲಿ ಮಾನಸ್ ಅನ್ನುವ ಮನಸ್ಸಿನ ಆರೋಗ್ಯದ ಸಹಾಯವಾಣಿ ಅದು, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ದುಃಖ ಇಳಿದ ಮೇಲೆ ತೆಗೆದುಕೊಂಡ ತೀರ್ಮಾನವನ್ನು ಡಾಕ್ಟರೂ ಹೆಚ್ಚು ನಂಬುತ್ತಾರೆ.

ಅಮ್ಮನಿಗೂ ಒಂದು ಕೆಲಸ ಕೊಡಿ. ಕ್ಲಿಪ್ ಹಾಕುವ ಮುಂಚೆ ಹಲ್ಲಿನ ಡಾಕ್ಟರ್ ಬಿಳಿ ಪ್ಲಾಸ್ಟರ್‌ನಲ್ಲಿ ನಿಮ್ಮ ಹಲ್ಲಿನ ಅಚ್ಚು ತೆಗೆದಿರುತ್ತಾರೆ, ಎಷ್ಟೋ ಸಲ ಅದನ್ನು ಮನೆಗೇ ಕೊಟ್ಟು ಕಳಿಸುತ್ತಾರೆ. ದಾವಣಗೆರೆ ಮನೆಯ ಬೀರುವಿನಲ್ಲಿ, ಅಟ್ಟದ ಡಬ್ಬಿಯಲ್ಲಿ ಎಲ್ಲಾದರೂ ಇದೆಯಾ ಹುಡುಕಲು ಹೇಳಿ. ಸಿಕ್ಕರೆ ಬಟ್ಟೆಯಲ್ಲಿ ಸುತ್ತಿ, ಒಡೆಯದ ಹಾಗೆ ಸ್ಕ್ಯಾನ್ ಜೊತೆ ತೆಗೆದುಕೊಂಡು ಹೋಗಿ.