ಹೆಸರು ಕೊಡದ 34 ಮಂದಿ

ಕೊಡಗಿನ ಆಸ್ಪತ್ರೆಯೊಂದರ ಶುಶ್ರೂಷಾ ಅಧೀಕ್ಷಕರೊಬ್ಬರು ಬರೆದ ಪತ್ರದ ಸಾರ: "2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜರಿದಾಗ ನಮ್ಮ ಸಿಸ್ಟರ್‌ಗಳನ್ನು ಯಾವ ಸಿದ್ಧತೆಯೂ ಇಲ್ಲದೆ ಪರಿಹಾರ ಕೇಂದ್ರಗಳಿಗೆ ಕಳಿಸಿದ್ದೆವು. ಮತ್ತೆ ಹಾಗಾಗಬಾರದೆಂದು ಈ ಸಲ ಮಳೆಗಾಲಕ್ಕೆ ಮೊದಲೇ ತರಬೇತಿ ಇಟ್ಟುಕೊಂಡೆ. 38 ಮಂದಿಯಲ್ಲಿ ಹೆಸರು ಕೊಟ್ಟವರು ನಾಲ್ವರು. ಸೇವಾ ಮನೋಭಾವವೇ ಬತ್ತಿಹೋಯಿತೇ? ಇವರನ್ನು ಹುರಿದುಂಬಿಸುವುದು ಹೇಗೆ?"

ಸಂಪಾದಕರ ಉತ್ತರ:

ಮಾನ್ಯರೇ, ಬತ್ತಿಲ್ಲ. 2024ರ ಜುಲೈ 30ರಂದು ನಿಮ್ಮ ನೆರೆಯ ವಯನಾಡಿನಲ್ಲಿ ಭೂಕುಸಿತವಾಗಿ ಚೂರಲ್‌ಮಲೆಯ ಸೇತುವೆ ಕೊಚ್ಚಿಹೋದಾಗ, ನೀಲಗಿರಿಯ ಗೂಡಲೂರಿನ ನರ್ಸ್ ಒಬ್ಬರು ಔಷಧಿಯ ಪೆಟ್ಟಿಗೆ ಹಿಡಿದು, ಜಿಪ್‌ಲೈನ್‌ಗೆ ಜೋತು, ಉಕ್ಕುವ ಹೊಳೆ ದಾಟಿ ಗಾಯಾಳುಗಳ ಬಳಿ ಹೋದರು. ತಮಿಳುನಾಡು ಸರ್ಕಾರ ಅವರಿಗೆ ಕಲ್ಪನಾ ಚಾವ್ಲಾ ಪ್ರಶಸ್ತಿ ಕೊಟ್ಟಿತು. ಆ ಧೈರ್ಯಕ್ಕೆ ಕೈಮುಗಿಯುತ್ತೇನೆ. ಆದರೆ 38 ಮಂದಿಯ ತರಬೇತಿಯನ್ನು ಒಬ್ಬರ ಸಾಹಸದ ಅಳತೆಗೆ ಹೊಲಿಯಬೇಡಿ. ಹೆಸರು ಕೊಡದವರು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿರುತ್ತಾರೆ: ಮಗುವನ್ನು ಯಾರು ನೋಡುತ್ತಾರೆ? ನನ್ನ ಮನೆಯೂ ಗುಡ್ಡದ ಬುಡದಲ್ಲೇ ಇದೆಯಲ್ಲ? ರಾತ್ರಿ ಮಲಗುವುದೆಲ್ಲಿ, ಶೌಚಾಲಯ ಇದೆಯೇ? ಎಷ್ಟು ದಿನ?

ಈ ಕೊನೆಯ ಪ್ರಶ್ನೆಗೆ ಜಪಾನಿನವರು ಉತ್ತರ ಕಂಡುಕೊಂಡಿದ್ದಾರೆ. 1995ರ ಕೋಬೆ ಭೂಕಂಪದಲ್ಲಿ 6,400ಕ್ಕೂ ಹೆಚ್ಚು ಜನ ಸತ್ತ ಮೇಲೆ ಅಲ್ಲಿ ವಿಪತ್ತಿನ ಶುಶ್ರೂಷೆ ಪ್ರತ್ಯೇಕ ವಿದ್ಯೆಯಾಗಿ ಬೆಳೆಯಿತು. ಮೊದಲೇ ತರಬೇತಿ ಪಡೆದು ಹೆಸರು ನೋಂದಾಯಿಸಿದ ನರ್ಸ್‌ಗಳನ್ನು ಅಲ್ಲಿ ಸಾಮಾನ್ಯವಾಗಿ ನಾಲ್ಕು ಹಗಲು, ಮೂರು ರಾತ್ರಿಗಳ ಮಟ್ಟಿಗೆ ಕಳಿಸುತ್ತಾರೆ. ಆಮೇಲೆ ಇನ್ನೊಂದು ತಂಡ. ಹಿಂತಿರುಗುವ ದಿನ ಗೊತ್ತಿದ್ದರೆ ಅತ್ತೆಯನ್ನೋ ನೆರೆಮನೆಯವರನ್ನೋ ಒಪ್ಪಿಸಿ ಹೊರಡಬಹುದು. "ಮುಂದಿನ ಆದೇಶದವರೆಗೆ" ಎಂದು ಬರೆದ ಸುತ್ತೋಲೆ ಹಿಡಿದು ಯಾವ ತಾಯಿ ಹೊರಟಾಳು?

ಇನ್ನು ಕಲಿಸಬೇಕಾದದ್ದು. ಎದುರಿಗಿರುವ ರೋಗಿಗೆ ಕೈಲಾದದ್ದೆಲ್ಲ ಮಾಡಬೇಕೆಂಬುದು ವಾರ್ಡಿನಲ್ಲಿ ನರ್ಸ್ ಕಲಿತ ಧರ್ಮ. ನಲವತ್ತು ಗಾಯಾಳುಗಳು ಒಮ್ಮೆಗೇ ಬಂದರೆ ಅದೇ ಧರ್ಮ ಉಳಿದವರ ಜೀವಕ್ಕೆ ಎರವಾಗುತ್ತದೆ. 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ರೂಪುಗೊಂಡ, ಯಾರಿಗೆ ಮೊದಲು ಚಿಕಿತ್ಸೆ ಎಂದು ಗಾಯಾಳುಗಳನ್ನು ವಿಂಗಡಿಸುವ 'ಸ್ಟಾರ್ಟ್' ಪದ್ಧತಿಯಲ್ಲಿ ಒಬ್ಬೊಬ್ಬರಿಗೆ ಸಿಗುವುದು ಒಂದು ನಿಮಿಷವಷ್ಟೇ. "ನಡೆಯಬಲ್ಲವರು ಈ ಕಡೆ ಬನ್ನಿ" ಎಂದು ಕೂಗಿದಾಗ ಎದ್ದು ಬಂದವರಿಗೆ ಹಸಿರು ಪಟ್ಟಿ. ಉಳಿದವರಲ್ಲಿ ಉಸಿರು ನಿಮಿಷಕ್ಕೆ 30ನ್ನು ಮೀರಿದರೆ, ಮಣಿಕಟ್ಟಿನಲ್ಲಿ ನಾಡಿ ಸಿಗದಿದ್ದರೆ, ಹೇಳಿದಂತೆ ಕೈ ಅದುಮಲಾಗದಿದ್ದರೆ, ಇವುಗಳಲ್ಲಿ ಒಂದಾದರೂ ಸಾಕು, ಕೆಂಪು: ಮೊದಲ ಚಿಕಿತ್ಸೆ ಅವರಿಗೆ. ಮೂರೂ ಸರಿಯಿದ್ದರೆ ಹಳದಿ. ಶ್ವಾಸಮಾರ್ಗ ತೆರೆದ ಮೇಲೂ ಉಸಿರಾಡದವರಿಗೆ ಕಪ್ಪು ಪಟ್ಟಿ ಕಟ್ಟಿ ಮುಂದಕ್ಕೆ ನಡೆಯಬೇಕು. ಆ ಹೆಜ್ಜೆ ಎತ್ತಿಡುವುದು ಬಲು ಕಷ್ಟ. ನಿಜವಾದ ದುರಂತದಲ್ಲೇ ಮೊದಲ ಸಲ ಅದನ್ನು ಎತ್ತಿಡುವಂತಾದರೆ ಆ ಮುಖ ಎಷ್ಟು ರಾತ್ರಿ ಕಾಡೀತು, ಯೋಚಿಸಿ. ಪ್ರೊಜೆಕ್ಟರ್ ಮುಂದಿನ ಉಪನ್ಯಾಸವನ್ನು ಸಾಕುಮಾಡಿ. ನರ್ಸಿಂಗ್ ವಿದ್ಯಾರ್ಥಿಗಳ ಕೊರಳಿಗೆ "ಉಸಿರು 36, ನಾಡಿ ಇಲ್ಲ" ಎಂಬಂಥ ಚೀಟಿ ತೂಗುಹಾಕಿ ಆಸ್ಪತ್ರೆಯ ಅಂಗಳದಲ್ಲಿ ಮಲಗಿಸಿ, ಪಾಳಿ ಬದಲಾಗುವ ಹೊತ್ತಿಗೆ ಅರ್ಧ ಗಂಟೆ ಅಭ್ಯಾಸ ಮಾಡಿಸಿ. ತಪ್ಪು ಪಟ್ಟಿ ಕಟ್ಟಿದವರನ್ನು ದಯವಿಟ್ಟು ಎಲ್ಲರೆದುರು ಗದರಬೇಡಿ.

ಕೊಡಗಿನಲ್ಲಾದರೋ ಹೆಚ್ಚಿನ ಕೆಲಸ ದುರಂತದ ಅನಂತರದ್ದು. 2018ರಲ್ಲಿ ವರದಿಗೆಂದು ಹೋದ ಪರಿಹಾರ ಕೇಂದ್ರದಲ್ಲಿ ಉಟ್ಟ ಸೀರೆಯಲ್ಲೇ ಬಂದಿದ್ದ ಅಜ್ಜಿಯೊಬ್ಬರು "ಬೆಳಿಗ್ಗೆ ಒಂದು ಬಿಳಿ ಮಾತ್ರೆ, ರಾತ್ರಿ ಅರ್ಧ" ಎಂದಷ್ಟೇ ಹೇಳುತ್ತಿದ್ದರು. ಸಿಸ್ಟರ್ ಒಬ್ಬರು ಪಕ್ಕದಲ್ಲಿ ಕುಳಿತು, ಯಾವ ಡಾಕ್ಟರು ಕೊಟ್ಟದ್ದು, ಬಿ.ಪಿ.ಗೋ ಸಕ್ಕರೆಗೋ, ಕಾಲು ಊದುತ್ತಿತ್ತೇ ಎಂದು ಒಂದೊಂದಾಗಿ ಕೇಳಿ, ಬರೆದುಕೊಂಡು, ವೈದ್ಯರಿಗೆ ಫೋನ್ ಮಾಡಿದರು. ಆ ಹತ್ತು ನಿಮಿಷವನ್ನು ನಾನು ಮರೆತಿಲ್ಲ. ಉಳಿದ ಕೆಲಸಗಳೂ ಇಂಥವೇ: ಇನ್ಸುಲಿನ್ ಕೆಡದಂತೆ ತಂಪಿನಲ್ಲಿಡುವುದು, ಡಯಾಲಿಸಿಸ್‌ನವರ ಪಟ್ಟಿ, ದಿನ ತುಂಬಿದ ಬಸುರಿಯರು, ಕುಡಿಯುವ ನೀರಿಗೆ ಕ್ಲೋರಿನ್. ಅದೇ ವರ್ಷ ಕೇರಳದಲ್ಲಿ ನೆರೆ ಇಳಿದ ಮೇಲೆ ಇಲಿಜ್ವರ ಹಬ್ಬಿ, ಕೆಸರು ನೀರಿಗಿಳಿದವರಿಗೆ ವಾರಕ್ಕೊಮ್ಮೆ 200 ಮಿಲಿಗ್ರಾಂ ಡಾಕ್ಸಿಸೈಕ್ಲಿನ್ ಕೊಡಬೇಕಾಯಿತು. ಇವುಗಳಲ್ಲಿ ಹೆಚ್ಚಿನವು ನಿಮ್ಮವರು ದಿನವೂ ಮಾಡುವ ಕೆಲಸಗಳೇ. ಅದನ್ನು ಬಿಡಿಸಿ ಹೇಳಿದರೆ ಅರ್ಧ ಹೆದರಿಕೆ ಇಳಿಯುತ್ತದೆ.

ಉಳಿದರ್ಧ ನಿಮ್ಮ ಆಡಳಿತದ ಕೈಯಲ್ಲಿದೆ. ಕೋವಿಡ್ ಕಾಲದ ಸೇವೆಯ ಗೌರವಕ್ಕೆಂದು 2020ರ ಮೇ 3ರಂದು ಹೆಲಿಕಾಪ್ಟರ್‌ಗಳು ಆಸ್ಪತ್ರೆಗಳ ಮೇಲೆ ಹೂ ಸುರಿದವು. ಹೂವು ಬರಲಿ, ಶಾಲೂ ಬರಲಿ. ಅದಕ್ಕೂ ಮೊದಲು ಗಂಬೂಟು, ರೇನ್‌ಕೋಟು, ಧನುರ್ವಾಯು ಮತ್ತು ಹೆಪಟೈಟಿಸ್ ಬಿ ಲಸಿಕೆ, ವಿಮೆ, ದಿನಭತ್ಯೆ, ಮರಳಿದ ಮೇಲೆ ಎರಡು ದಿನದ ರಜೆ ಬರಬೇಕು. ಗುತ್ತಿಗೆಯ ಸಿಸ್ಟರ್‌ಗೂ ಇಷ್ಟೂ ಸಿಗಬೇಕು, ಬರಹದಲ್ಲಿ ಸಿಗಬೇಕು.

ಆ 34 ಮಂದಿಯನ್ನು ಚಹಾಕ್ಕೆ ಕರೆದು, "ಏನಿದ್ದರೆ ಬರುತ್ತೀರಿ?" ಎಂದು ಕೇಳಿ. ಅವರ ಉತ್ತರಗಳನ್ನು ನಮಗೂ ಕಳಿಸಿ. ಹೆಸರಿಲ್ಲದೆಯೇ ಪ್ರಕಟಿಸುತ್ತೇವೆ.